ದೂರದೂರಿನವರ ಕಥೆ ಓದುತ್ತಿದ್ದ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಬಲಗೈಯಲ್ಲಿ ಮೂರೇ ಬೆರಳು. ನಡುವಿನ ಎರಡನ್ನು ಮೇವು ಕತ್ತರಿಸುವ ಯಂತ್ರ ತೆಗೆದುಕೊಂಡಿತ್ತು. ಪುಸ್ತಕದ ಪುಟ ತಿರುವುವಾಗ ಕಿರುಬೆರಳನ್ನು ನಾಲಿಗೆಗೆ ಮುಟ್ಟಿಸಿ, ಅದರಲ್ಲೇ ಹಾಳೆ ಎತ್ತುತ್ತಿದ್ದರು.

ಅರಳಗುಪ್ಪೆ ಪಕ್ಕದ ನಮ್ಮೂರಿನಲ್ಲಿ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಮಚ್ಚಿನ ಏಟು ಕರಟಕ್ಕೆ ಬೀಳಬೇಕು, ಒಳಗಿನ ಕೊಬ್ಬರಿಗೆ ತಾಗಬಾರದು. ಬೆರಳು ಹೋದ ಮೇಲೆ ಮಚ್ಚು ಹಿಡಿತಕ್ಕೆ ಸಿಗಲಿಲ್ಲ. ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೊಬ್ಬರಿ ಬಿಡಿಸುತ್ತ ಕೂತರೆ ಇವರು ಕೂರಲೂ ಆಗದೆ ನಿಲ್ಲಲೂ ಆಗದೆ ಒಳಗೂ ಹೊರಗೂ ಓಡಾಡುತ್ತಿದ್ದರು. ನಾನು ಆಗ ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ತಡೆದು ಹೇಳಿದರು:

"ಲೈಬ್ರರಿಯಿಂದ ಒಂದು ಕಥೆ ಪುಸ್ತಕ ತಗಂಬಾ ಕಣೇ. ಇವರ ಕೈಗೆ ಕೆಲಸ ಐತೆ, ಕಿವಿ ಸುಮ್ನೆ ಕೂತವೆ."

"ಎಂಥ ಪುಸ್ತಕ ದೊಡ್ಡಮ್ಮ?"

"ದೂರದೂರಿನೋರದು ತಾ. ನಮ್ಮೂರ ಕಥೆ ಇವರೇ ದಿನಾ ಹೇಳ್ತಾರೆ."

ಏಳನೇ ಕ್ಲಾಸಿನವರೆಗೆ ಓದಿದ್ದ ದೊಡ್ಡಮ್ಮ ಹಾಗೆ ಓದಿ ಹೇಳಲು ಶುರು ಮಾಡಿದರು. ಮಲಯಾಳದಿಂದ, ಉರ್ದುವಿನಿಂದ, ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿಗಳು. ಅವರ ಓದಿನಲ್ಲಿ ನಾಟಕವಿರಲಿಲ್ಲ. ಕಷ್ಟದ ಹೆಸರು ಬಂದರೆ ಮೂರು ಸಲ ಬಾಯಲ್ಲಿ ಹೊರಳಿಸಿ ಮುಂದೆ ಹೋಗುತ್ತಿದ್ದರು. ಹೆಂಗಸರು ಕಥೆಯವರನ್ನು ಪಕ್ಕದ ಬೀದಿಯವರಂತೆ ಬೈಯುತ್ತಿದ್ದರು, ಮರುಗುತ್ತಿದ್ದರು. ಯಾರಾದರೂ "ಆ ಜನವೇ ಹಂಗೆ ಬುಡಕ್ಕ" ಎಂದರೆ ದೊಡ್ಡಮ್ಮ, "ಇನ್ನೆರಡು ಪುಟ ತಾಳು" ಎನ್ನುತ್ತಿದ್ದರು. ಓದು ಬಾರದ ಮೂವರು, ಮುಂದಿನ ಕಥೆ ತಿಳಿಯುವ ಆತುರಕ್ಕೇ ಅವರ ಹತ್ತಿರ ಅಕ್ಷರ ಕಲಿತರು.

ಆ ವರ್ಷ ಊರಾಚೆಯ ನಾರಿನ ಫ್ಯಾಕ್ಟರಿಗೆ ಬಂಗಾಳದ ಗಂಡಹೆಂಡತಿ ಕೆಲಸಕ್ಕೆ ಬಂದರು. ಕಥೆ ಕೇಳುವವರಲ್ಲೇ ಒಬ್ಬರಾದ ಮೂಲೆಮನೆ ಅಕ್ಕ ಅವರಿಗೆ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಹೆಂಡತಿ ಮಾಲತಿ ಆರು ತಿಂಗಳ ಬಸುರಿ. ಒಂದು ಮಧ್ಯಾಹ್ನ ಅವಳ ಕೋಣೆಯಿಂದ ಒಣಮೀನು ಹುರಿದ ವಾಸನೆ ಬಂತು. ಅಕ್ಕನದು ಲಿಂಗ ಕಟ್ಟಿದ ಮನೆ. ಪಾತ್ರೆ, ಹಾಸಿಗೆ ಎಲ್ಲವನ್ನೂ ಬೀದಿಗಿಟ್ಟರು. ದೊಡ್ಡಮ್ಮನ ಹಿಂದೆ ನಾನೂ ಓಡಿದೆ. ಮಾಲತಿ ಬಟ್ಟೆಗಂಟಿನ ಮೇಲೆ ಕೂತು ಅಳುತ್ತಿದ್ದಳು.

"ಹೋದ ವಾರ ಓದಿದ್ದು ಮರೆತ್ಯಾ?" ದೊಡ್ಡಮ್ಮ ಅಕ್ಕನನ್ನು ಕೇಳಿದರು. "ಬಸುರಿ ಮಗಳು ಬಯಸಿದ್ಲು ಅಂತ ಆ ತಾಯಿ ಮಳೇಲಿ ಹೊಳೆಗೆ ಹೋಗಿ ಮೀನು ತಂದ್ಲಲ್ಲ. ಕಣ್ಣೊರೆಸ್ಕಂಡೋಳು ನೀನೇ. ಇದೂ ಬಸುರಿ ಬಯಕೆ ಕಣೇ."

"ಕಥೆ ಬೇರೆ ಕಣಕ್ಕ, ನನ್ನ ಮನೆ ಬೇರೆ."

ದೊಡ್ಡಮ್ಮ ಮಾಲತಿಯನ್ನು ಕೈ ಹಿಡಿದು ಎಬ್ಬಿಸಿದರು. "ಆಯ್ತು ಬುಡು, ನಿನ್ನ ಮನೆ" ಎಂದು ಬಟ್ಟೆಗಂಟನ್ನು ತಾವೇ ಎತ್ತಿಕೊಂಡರು.

ನಮ್ಮದೂ ಲಿಂಗ ಕಟ್ಟಿದ ಮನೆಯೇ. ಹಿತ್ತಲಿನಲ್ಲಿ ಕಾಯಿ ತುಂಬಿದ್ದ ಶೆಡ್ಡನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟಾಗ ದೊಡ್ಡಪ್ಪ ಒಂದು ವಾರ ಮಾತು ಬಿಟ್ಟರು. ಅಲ್ಲಿ ಮೀನು ಬೇಯುವಾಗ ದೊಡ್ಡಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಬೀದಿಯ ಜಗಲಿಗೆ ಹೋಗಿ ಕೂರುತ್ತಿದ್ದರು. ನನಗೆ ನಗು ಬಂತು.

"ವಾಸನೆ ನನಗಾಗಲ್ಲ, ಸುಳ್ಳ್ಯಾಕೆ ಹೇಳ್ಲಿ" ಎಂದರು. "ಅವಳು ಆಗ್ತಾಳೆ."

ಮಾಲತಿ ಅಂಗಳಕ್ಕೆ ಬಂದು ಕೂರತೊಡಗಿದಳು. ದೊಡ್ಡಮ್ಮ ಅವಳಿಗೆ ಸ್ಲೇಟಿನ ಮೇಲೆ ಕನ್ನಡ ಬರೆಸಿದರು. ಅವಳು ಬಂಗಾಳದ ಹೆಸರುಗಳನ್ನು ಹೇಗೆ ಹೇಳಬೇಕೆಂದು ಅವರಿಗೆ ತಿದ್ದಿಕೊಟ್ಟಳು. ಮೂಲೆಮನೆ ಅಕ್ಕ ಮಾತ್ರ ಮೂರು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಮಗು ಹುಟ್ಟಿದ ಐದನೇ ದಿನ ಬಾಣಂತಿಗೆಂದು ಮೆಣಸಿನ ಸಾರು ತಂದು, ಶೆಡ್ಡಿನ ಹೊಸಿಲಲ್ಲಿಟ್ಟು ಹೋದರು. ಮರುದಿನ ಕೊಬ್ಬರಿ ಬಿಡಿಸಲು ಬಂದು ಮೂಲೆಯಲ್ಲಿ ಕೂತರು. ದೊಡ್ಡಮ್ಮ ಹಳೆಯ ಮಾತು ಎತ್ತಲಿಲ್ಲ. ಅಕ್ಕ ಎಲ್ಲಿಗೆ ಬಿಟ್ಟು ಹೋಗಿದ್ದರೋ ಆ ಪುಟಕ್ಕೆ ಹಿಂದೆ ಹೋಗಿ ಅಲ್ಲಿಂದ ಓದಿದರು. ಉಳಿದವರು ಕೇಳಿದ್ದನ್ನೇ ಮತ್ತೆ ಕೇಳಿದರು.

"ಆ ಭಾಷೆ ನೀನು ಕಲಿ" ಎಂದು ನನ್ನ ಬೆನ್ನು ಹತ್ತಿದ್ದೂ ಅವರೇ. "ಅಲ್ಲಿಂದ ಇಲ್ಲಿಗೆ ತರೋರು ಬೇಕಲ್ಲ." ಶೆಡ್ಡಿನ ಬಾಗಿಲಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಮಾಲತಿಯಿಂದ ನಾನು ಬಂಗಾಳಿ ಅಕ್ಷರ ಕಲಿತೆ. ದೊಡ್ಡಮ್ಮ ಎರಡು ವರ್ಷದ ಹಿಂದೆ ಹೋದರು. ಎದೆನೋವೆಂದವರನ್ನು ಕಾರಿನಲ್ಲಿ ಮಲಗಿಸಿಕೊಂಡು ತಿಪಟೂರು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ನಾನು ಬಂಗಾಳಿಯಿಂದ ತಂದ ಒಂದು ಸಾಲನ್ನೂ ಅವರು ಕೇಳಲಿಲ್ಲ.

ಕಳೆದ ವರ್ಷ ನನ್ನ ಮೊದಲ ಅನುವಾದ ಅಚ್ಚಾಯಿತು. ದೋಣಿಗಾಗಿ ಕಾಯುತ್ತ ದಡದಲ್ಲಿ ನಿಂತ ಮುದುಕಿಯೊಬ್ಬಳ ಕಥೆ. ಊರಿಗೆ ಹೋದಾಗ ಅದೇ ಅಂಗಳದಲ್ಲಿ ಓದಿದೆ. ಮುಗಿದ ಮೇಲೆ ಮೂಲೆಮನೆ ಅಕ್ಕ ಮಚ್ಚು ಕೆಳಗಿಟ್ಟರು.

"ಆಮೇಲೆ ಆ ಅಜ್ಜಿಗೆ ಏನಾಯ್ತವ್ವ?"

"ಕಥೆ ಅಲ್ಲಿಗೇ ಮುಗಿಯುತ್ತೆ ಅಕ್ಕ."

"ಹಂಗಂದ್ರೆ ಹೆಂಗೆ? ಅವಳೊಬ್ಬಳೇ ನಿಂತವಳೆ ಅಲ್ಲಿ" ಎಂದರು. "ಬರೆದೋರ್ನ ಕೇಳ್ಕಂಬಾ ಹೋಗು."