ಬಿಸ್ಕತ್ತಿನ ಡಬ್ಬಿಯ ಮಾತ್ರೆಗಳು

ಪವಿತ್ರಾ, ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ನೀನು ಒಂಬತ್ತು ದಿನ ಆ ಹಾಸಿಗೆಯಲ್ಲಿ ನರಳಿದ್ದಕ್ಕೆ ನಾನು ಕಾರಣ. ಮೂರು ವರ್ಷದಿಂದ ನೀನು "ನೀವಿಲ್ದಿದ್ರೆ ನಾನು ಸತ್ತೋಗ್ತಿದ್ದೆ ಆಂಟಿ" ಎನ್ನುತ್ತಲೇ ಇದ್ದೀಯ. ನಾನೂ ನಾಚಿಕೆಯಿಲ್ಲದೆ ಹೂಂಗುಟ್ಟುತ್ತಾ ಬಂದಿದ್ದೇನೆ.

ಇವತ್ತು ಬೆಳಿಗ್ಗೆ ನೀನು ಫೋನ್ ಮಾಡಿದೆ. ಐದು ತಿಂಗಳ ಬಸುರಿ, ಮತ್ತೆ ಅದೇ ಉರಿಮೂತ್ರ. "ಅವತ್ತು ಕೊಟ್ಟಿದ್ರಲ್ಲ ಆಂಟಿ, ಆ ಮಾತ್ರೆ ಹೆಸ್ರು ಬರ್ದು ಕಳ್ಸಿ. ಇಲ್ಲೇ ಮೆಡಿಕಲ್ಲಲ್ಲಿ ತರಿಸ್ಕತೀನಿ." ನೋಡಿ ಹೇಳ್ತೀನಿ ಎಂದು ಫೋನ್ ಇಟ್ಟುಬಿಟ್ಟೆ. ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಮಾದನಾಯಕನಹಳ್ಳಿಯ ನಮ್ಮ ವಠಾರದ ಎಂಟು ಮನೆಯವರಿಗೂ ನಾನು ಓನರ್ ಆಂಟಿ ಮಾತ್ರವಲ್ಲ, ಡಾಕ್ಟ್ರಮ್ಮ ಕೂಡ — ನಿನಗೆ ಗೊತ್ತು. ಆ ಹೆಸರು ಕೇಳಿದರೆ ನನಗೆ ಒಳಗೊಳಗೇ ಖುಷಿ. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ನನ್ನನ್ನು ನೋಡಿಯೇ ಹೇಳಿರಬೇಕು. ಹೊಲವಿದ್ದ ಕಾಲದಲ್ಲಿ ನಮ್ಮತ್ತೆ ಬಿತ್ತನೆ ರಾಗಿ ಎತ್ತಿಡುತ್ತಿದ್ದ ಹಾಗೆ ನಾನು ಉಳಿದ ಮಾತ್ರೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಡುತ್ತಿದ್ದೆ. ಉರಿಮೂತ್ರಕ್ಕೆ ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರೆ ಎರಡು ದಿನಕ್ಕೇ ಉರಿ ನಿಲ್ಲುತ್ತಿತ್ತು; ಉಳಿದದ್ದು ಡಬ್ಬಿಗೆ. ಅದನ್ನು ಜಾಣತನ ಅಂದುಕೊಂಡಿದ್ದೆ.

ನೀನು ಆಗ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಅಲ್ಲಿನ ಗಲೀಜು ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಎಂದು ಶಿಫ್ಟ್ ಮುಗಿಯುವ ತನಕ ನೀರೇ ಕುಡಿಯುತ್ತಿರಲಿಲ್ಲ. ಕಿಬ್ಬೊಟ್ಟೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಾಗ, "ಇಷ್ಟಕ್ಕೆಲ್ಲಾ ಆಸ್ಪತ್ರೆ ಯಾಕೆ? ರಜ ಹಾಕಿದ್ರೆ ಕಂಟ್ರಾಕ್ಟರ್ ಸುಮ್ನಿರ್ತಾನಾ? ತಗೋ" ಎಂದು ನಾಲ್ಕು ಮಾತ್ರೆ ಕೊಟ್ಟೆ. ಎರಡು ದಿನದಲ್ಲಿ ನೀನು ನಗುತ್ತಾ ಬಂದೆ. ಮುಂದಿನ ತಿಂಗಳು ಮತ್ತೆ ಉರಿ. ನನ್ನ ಮಗಳಿಗೆ ಬರೆದುಕೊಟ್ಟಿದ್ದ ಮಾತ್ರೆಯ ಪಟ್ಟಿಯಲ್ಲಿ ಉಳಿದಿದ್ದ ಮೂರು ಕೊಟ್ಟೆ. ಮೂರನೆಯ ಸಲ ನಿನಗೆ ಬಂದದ್ದು ಚಳಿಜ್ವರ, ಸೊಂಟದ ಮೇಲೆ ತಡೆಯಲಾಗದ ನೋವು. ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿ ಏನೇನೋ ಬಡಬಡಿಸುತ್ತಿದ್ದೆ.

ಡಾಕ್ಟರು ಕೇಳಿದರು, "ಇದಕ್ಕೆ ಮುಂಚೆ ಏನಾದ್ರೂ ಮಾತ್ರೆ ತಗೊಂಡಿದ್ರಾ?"

ನಿನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ನನಗಿತ್ತು. "ಇಲ್ಲ ಸಾರ್. ಎಳನೀರು, ಬಾರ್ಲಿ ನೀರು, ಅಷ್ಟೇ" ಎಂದೆ.

ಅವರು ಶುರು ಮಾಡಿದ್ದು ನಾನು ಕೊಟ್ಟಿದ್ದ ಮಾತ್ರೆಯ ಜಾತಿಯದೇ ಔಷಧ. ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ಮೂರು ದಿನವೂ ಬೆಳಿಗ್ಗೆ ಅವರು ನಿನ್ನ ಹಾಸಿಗೆಯ ಬಳಿ ನಿಂತು ಯೋಚಿಸುವಾಗ ನಾನು ಪಕ್ಕದಲ್ಲೇ ಇದ್ದೆ, ಪವಿತ್ರಾ. ಒಂದು ಮಾತು — ಒಂದೇ ಒಂದು ಮಾತು ಹೇಳಬಹುದಿತ್ತು. ವಠಾರದವರಿಗೆ ಗೊತ್ತಾದರೆ ನನ್ನ ಮುಖ ಎಲ್ಲಿಡಲಿ ಎಂಬ ಯೋಚನೆಯಲ್ಲಿದ್ದೆ.

ಮೂತ್ರದ ಕಲ್ಚರ್ ರಿಪೋರ್ಟ್ ಬಂದ ದಿನ ಡಾಕ್ಟರು, "ಈ ಔಷಧಕ್ಕೆ ಕ್ರಿಮಿ ಜಗ್ತಾನೇ ಇಲ್ಲ. ಅರ್ಧಂಬರ್ಧ ಮಾತ್ರೆ ನುಂಗಿದ್ರೆ ಹೀಗೂ ಆಗತ್ತೆ. ಏನೂ ತಗೊಂಡಿಲ್ಲ ಅಂದ್ರಲ್ಲಮ್ಮಾ?" ಎಂದು ನನ್ನ ಮುಖ ನೋಡಿದರು. ನಾನು ನಿನ್ನ ಹೊದಿಕೆ ಸರಿಮಾಡತೊಡಗಿದೆ. ಇಂಜೆಕ್ಷನ್ ಬದಲಾಯಿಸಿದರು, ಜ್ವರ ಇಳಿಯಿತು. ಅಷ್ಟರಲ್ಲಿ ನಿನ್ನ ಕೆಲಸಕ್ಕೆ ಬೇರೆಯವರು ಬಂದಿದ್ದರು. ಸಾಮಾನು ಕಟ್ಟಿಕೊಂಡು ಮಧುಗಿರಿಯ ಬಸ್ಸು ಹತ್ತುವ ಮುಂಚೆ ನೀನು ನನ್ನ ಕಾಲಿಗೆ ಬಿದ್ದೆ. ಆ ನಮಸ್ಕಾರ ನೆನಪಾದಾಗಲೆಲ್ಲಾ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪ್ರೀತಿಯಿಂದ ಕೊಟ್ಟೆ ಕಣೇ ಎಂದು ಇಲ್ಲೊಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಮಾತ್ರೆ ಕೊಡುವಾಗ ಪ್ರೀತಿ ಇತ್ತೇನೋ — ಸುಳ್ಳು ಹೇಳುವಾಗ ಇರಲಿಲ್ಲ. ಹೊಟ್ಟೆಗೆ ಹಾಕಿಕೋ ಎಂದೂ ಕೇಳುವುದಿಲ್ಲ.

ನೀನು ಮೆಡಿಕಲ್ ಶಾಪಿಗೆ ಹೋಗಬೇಡ. ಈಗಲೇ ಆಸ್ಪತ್ರೆಗೆ ಹೋಗು. ಮೂತ್ರ ಪರೀಕ್ಷೆ ಮಾಡಿಸು. ಹೊಟ್ಟೆಯಲ್ಲಿರುವ ಮಗುವಿಗೂ ಆಗುವಂಥದ್ದನ್ನು ಅವರೇ ಬರೆದುಕೊಡಲಿ, ಅವರು ಹೇಳಿದಷ್ಟು ದಿನವೂ ನುಂಗು. ನನಗಾಗಿ ಕಾಯಬೇಡ. ಡಬ್ಬಿಯನ್ನೆಲ್ಲಾ ಸುರುವಿ ಹುಡುಕಿದೆ, ನಿನಗೆ ಕೊಟ್ಟ ಎರಡೂ ಪಟ್ಟಿಯ ಹರಿದ ತುಂಡುಗಳು ಸಿಕ್ಕಿವೆ; ಹೆಸರು ಇನ್ನೂ ಓದಲು ಬರುತ್ತದೆ. ಅವುಗಳ ಫೋಟೋನೂ ಕಳಿಸಿದ್ದೇನೆ, ಡಾಕ್ಟರಿಗೆ ತೋರಿಸು.

ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡು ಮಧುಗಿರಿಯ ಬಸ್ಸಿಗಾಗಿ ಬಸ್ ಸ್ಟಾಪಿನಲ್ಲಿ ಕೂತು ಇದನ್ನು ಮುಗಿಸುತ್ತಿದ್ದೇನೆ. ಅಲ್ಲಿಯೂ ಡಾಕ್ಟರು ಅದೇ ಪ್ರಶ್ನೆ ಕೇಳುತ್ತಾರೆ. ನಿನ್ನ ಗಂಡ, ನಿನ್ನತ್ತೆ, ಯಾರೇ ಇರಲಿ — ಅವರೆಲ್ಲರ ಎದುರಿಗೇ ಈ ಸಲ ಉತ್ತರ ಹೇಳುತ್ತೇನೆ.