ಶೀತಲಳ ‘ಕಲ್’

ಶೀತಲಳನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಟ್ಟು ಏನು ಮಾಡಲಿ? ನಾನು ಕಂಪ್ಯೂಟರ್ ಪಾಠ ಹೇಳುವವಳು, ಮೈಸೂರಿನಿಂದ ಬಂದು ಕಾಶಿಯ ಭೇಲೂಪುರದಲ್ಲಿ ಮನೆ ಮಾಡಿದವಳು. ಅವಳೂ ಅದನ್ನೇ ಓದಿದವಳು. ಹುಟ್ಟಿ ಬೆಳೆದದ್ದು ಇಲ್ಲಿಯೇ. ಅಪ್ಪ ಮರುಳಸಿದ್ದಯ್ಯನವರು, ಕನ್ನಡದ ಯಾತ್ರಿಕರು ಇಳಿದುಕೊಳ್ಳುವ ಮಠದ ಕಚೇರಿ ನೋಡಿಕೊಳ್ಳುತ್ತಾರೆ. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕಕ್ಕೆ ಧಾರವಾಡದ ಪ್ರಕಾಶಕರು ನಮ್ಮಿಬ್ಬರಿಂದಲೂ ಉದಾಹರಣೆಗಳನ್ನು ಬರೆಸಿದರು. ಎರಡನೇ ಭಾಗಕ್ಕೆ ಒಬ್ಬರೇ ಸಾಕು ಎಂದರು. ಆ ಒಬ್ಬಳು ನಾನೇ ಆಗಬೇಕಿತ್ತು.

ನನ್ನ ಉದಾಹರಣೆಗಳಲ್ಲಿ ಎಕ್ಸ್, ವೈ, ಅಚ್ಚುಕಟ್ಟು. ಅವಳದರಲ್ಲಿ ಮಠದ ಕೋಣೆಗಳು, ಯಾತ್ರಿಕರು, ಬೀಗದಕೈ. ಬರೆದದ್ದನ್ನು ಪ್ರಿಂಟ್ ತೆಗೆದು, ಅದನ್ನು ನೋಡಿಕೊಂಡೇ ಮತ್ತೆ ಟೈಪ್ ಮಾಡುತ್ತಾಳೆ. ಓದುವ ಮಕ್ಕಳು ಹಾಗೇ ತಾನೇ ಮಾಡುವುದು ಎನ್ನುತ್ತಾಳೆ. ಮೊದಲ ಭಾಗ ಬಂದಾಗ ಎಲ್ಲರೂ ಹೊಗಳಿದ್ದು ಅವಳ ಪುಟಗಳನ್ನೇ. ನನ್ನವನ್ನು ಯಾರೂ ಕ್ಯಾರೇ ಅನ್ನಲಿಲ್ಲ.

ತಪ್ಪು ಹುಡುಕಲೆಂದೇ ಕುಳಿತೆ. ಅವಳ ಒಂದೊಂದು ಸಾಲನ್ನೂ ಟೈಪ್ ಮಾಡಿ, ನನ್ನದೇ ತಾರೀಖು ಕೊಟ್ಟು ಓಡಿಸಿದೆ. ಸಿಕ್ಕಿಯೇ ಬಿಟ್ಟಿತು. ನಾಳಿನ ದಿನಾಂಕ ಕೊಡುವ ಫಂಕ್ಷನ್ನಿಗೆ ಅವಳು ‘ಕಲ್’ ಎಂದು ಹೆಸರಿಟ್ಟಿದ್ದಳು. ಹಿಂದಿಯಲ್ಲಿ ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’. ಮುಂದಿನ ಪುಟದಲ್ಲಿ ನಿನ್ನೆ ಖಾಲಿಯಾದ ಕೋಣೆ ಯಾವುವು ಎಂದು ನೋಡಲು ಅದನ್ನೇ ಕರೆದಿದ್ದಳು. ಕಾಶಿಯಲ್ಲಿ ಬೆಳೆದ ಕಿವಿಗೆ ಅದು ಸರಿಯಾಗಿಯೇ ಕೇಳಿಸಿರಬೇಕು. ಕಂಪ್ಯೂಟರಿಗೆ ಮಾತ್ರ ಅದು ನಾಳೆಯೇ; ನಾಳೆ ಹೊರಡಬೇಕಾದ ಯಾತ್ರಿಕರು ಒಳಗೆ ಮಲಗಿರುವಾಗಲೇ ಅವರ ಕೋಣೆ ಬೇರೆಯವರ ಪಾಲು.

ಪ್ರಕಾಶಕರಿಗೆ ಅಂದೇ ಬರೆದೆ. ಅವಳ ಮುಖ ಸಪ್ಪಗಾಗುವುದನ್ನು ನೋಡಬೇಕೆಂದು ಮಠಕ್ಕೂ ಹೋದೆ.

ಪುಟ ನೋಡಿ ಅವಳು ನಕ್ಕಳು. “ಖರೇ ಅದ. ಅಕ್ಕಾ, ಇಷ್ಟೂ ನೀವ ಟೈಪ್ ಮಾಡಿ ನೋಡೀರಿ?”

“ಮತ್ತೆ? ಸುಮ್ಮನೆ ಕೂತರೆ ತಪ್ಪು ಸಿಗುತ್ತಾ?”

“ಹೊಗಳಿದವರು ಯಾರೂ ಒಂದ್ ಲೈನೂ ಟೈಪ್ ಮಾಡಿಲ್ರೀ ಅಕ್ಕಾ. ಬರೇ ಓದ್ಯಾರ.” ನನ್ನ ಕೈ ಹಿಡಿದುಕೊಂಡು ಚಹಾ ತರಿಸಿದಳು.

ವಾರದೊಳಗೆ ಧಾರವಾಡದಿಂದ ಫೋನು ಬಂತು.

“ಎರಡನೇ ಭಾಗ ಶೀತಲ್ ಅವರ ಬರೀತಾರ್ರೀ ಮೇಡಂ. ಓಡಿಸಿ ನೋಡೋ ಕೆಲಸ ನಿಮಗ. ನಿಮ್ಮಷ್ಟು ಕಾಳಜಿಯಿಂದ ನೋಡೋರು ಇಲ್ಲಂತ ಅವರ ಹೇಳ್ಯಾರ.”

ಕಾಳಜಿಯಂತೆ! ಫೋನನ್ನು ನೆಲಕ್ಕೆ ಕುಕ್ಕಬೇಕೆನಿಸಿತು. ಆದರೂ ಒಪ್ಪಿಕೊಂಡೆ. ಅವಳ ತಪ್ಪನ್ನು ಇನ್ನೊಬ್ಬರು ಹುಡುಕುವುದನ್ನು ಸಹಿಸುವುದು ನನ್ನಿಂದಾಗದು.