ಬೆಳ್ಳಿಕಟ್ಟೆಯ ಬೈಗುಳ ಅಳಿಸುವ ಪರಮೇಶ್ವರಿ

ಕುಮಟಾದ ಸೈಬರ್ ಕೆಫೆಯ ಷಟರ್ ಮೇಲೇಳುವಾಗ ಬೆಳಗಿನ ಆರೂಮುಕ್ಕಾಲು. ತದಡಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಪರಮೇಶ್ವರಿ ನಾಯ್ಕ ನೆಲ ಒರೆಸಿ, ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಮೊದಲು ಕಾಣುವುದೇ ಒಂದು ಬೈಗುಳ. ನಿನ್ನೆ ಬಿಡುಗಡೆಯಾದ ಚಿತ್ರವನ್ನು ಟೀಕಿಸಿದ ವಿಮರ್ಶಕನ ತಾಯಿಯನ್ನು ಯಾರೋ ಜಗಳಕ್ಕೆ ಎಳೆದು ತಂದಿದ್ದಾರೆ. ಒಂದು ಕ್ಲಿಕ್ಕಿಗೆ ಅದು ಮಾಯ. ಅದರ ಕೆಳಗಿನವನು ‘ಇಂಟರ್‌ವಲ್ ಆದಮೇಲೆ ಬರೀ ಆಕಳಿಕೆ’ ಎಂದಿದ್ದಾನೆ. ಅದನ್ನು ಮುಟ್ಟುವುದಿಲ್ಲ.

“ಪಿಚ್ಚರಿಗೆ ಹೊಟ್ಟೆ ತುಂಬಾ ಬೈಲಿ. ಮನೆಯವ್ರಿಗೆ ಎಂತಕ್ಕೆ ಬೈಬೇಕು?” ಎನ್ನುತ್ತಾರೆ.

ಕನ್ನಡ ಸಿನಿಮಾ ಕುರಿತು ಹರಟುವ ‘ಬೆಳ್ಳಿಕಟ್ಟೆ’ ಎಂಬ ಅಂತರ್ಜಾಲ ತಾಣಕ್ಕೆ ದಿನಕ್ಕೆ ಮುನ್ನೂರರಷ್ಟು ಬರಹ ಬರುತ್ತವೆ. ಅಷ್ಟನ್ನೂ ಓದಿ, ಐವತ್ತು ಅರವತ್ತನ್ನು ಅಳಿಸುವವರು ಇವರೇ. ತಾಣದಲ್ಲಿ ಇವರ ಹೆಸರಿಲ್ಲ, ‘ನಿರ್ವಾಹಕ’ ಎಂದಷ್ಟೇ ಇದೆ. ಗಂಡಸೆಂದೇ ತಿಳಿದು ಜನ ಇವರಿಗೂ ಬೈಯುತ್ತಾರೆ.

ಗಂಡ ವೆಂಕಟ ಮೀನಿನ ಬೋಟಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ವರ್ಷ ಪರಮೇಶ್ವರಿ ಟೈಪಿಂಗ್ ಕಲಿತು ಈ ಕೆಫೆ ಸೇರಿದರು. ಎರಡು ವರ್ಷದ ಹಿಂದೆ, ಎಂದರೆ 2006ರಲ್ಲಿ, ಬೆಂಗಳೂರಿನ ನರೇಶ ಎಂಬವರು ತಾಣ ಆರಂಭಿಸಿ ಕನ್ನಡ ಟೈಪಿಂಗ್ ಬಲ್ಲವರನ್ನು ಹುಡುಕುತ್ತಿದ್ದರು. ಅವರ ಪರಿಚಯದವರೇ ಆದ ಕೆಫೆಯ ಮಾಲೀಕ ರಮಾನಂದ ಇವರ ಹೆಸರು ಹೇಳಿದರು. ಅಂದಿನಿಂದ ಗಿರಾಕಿಗಳು ಬರುವವರೆಗೂ, ಬಂದಮೇಲೆ ನಡುನಡುವೆಯೂ ಇದೇ ಕೆಲಸ. ಸಂಜೆಯ ಹೊತ್ತಿಗೆ ಕಣ್ಣುರಿ.

ಹೋದ ಮಳೆಗಾಲದಲ್ಲಿ ದೊಡ್ಡ ಗಲಾಟೆಯಾಯಿತು. ಹೊಸ ಚಿತ್ರವೊಂದರಲ್ಲಿ ತಂಗಿಯ ಪಾತ್ರ ಮಾಡಿದ್ದ ಹುಡುಗಿ, ಚಿತ್ರೀಕರಣದ ವೇಳೆ ನಾಯಕನಟ ತನ್ನೊಡನೆ ಕೆಟ್ಟದಾಗಿ ನಡೆದುಕೊಂಡನೆಂದು ಟಿ.ವಿ.ಯಲ್ಲಿ ಹೇಳಿದಳು. ಆ ನಾಯಕನ ಒಂದು ಚಿತ್ರವನ್ನೂ ಪರಮೇಶ್ವರಿ ತಪ್ಪಿಸಿದವರಲ್ಲ. “ಸುಳ್ಳಾಗ್ಲಿ ದೇವ್ರೇ ಅಂದ್ಕಂಡೆ. ಖರೇ ಹೇಳ್ತೆ,” ಎಂದು ತಲೆ ತಗ್ಗಿಸುತ್ತಾರೆ.

ಮರುದಿನ ಬೆಳಿಗ್ಗೆ ಅಭಿಮಾನಿಯೊಬ್ಬ ಆ ಹುಡುಗಿಯ ಮನೆಯ ಫೋನ್ ನಂಬರು ಹಾಕಿ, ‘ಎಲ್ಲರೂ ವಿಚಾರಿಸಿಕೊಳ್ಳಿ’ ಎಂದು ಬರೆದಿದ್ದ. ಪರಮೇಶ್ವರಿ ಅಳಿಸಿದರು. ಮತ್ತೆ ಬಂತು. ಗಡಿಯಾರ ಹತ್ತು ಹೊಡೆಯುವುದರೊಳಗೆ ಹದಿನೇಳು ಸಲ. ಅಷ್ಟರಲ್ಲಿ ನರೇಶರ ಕರೆ.

“ಬಿಟ್ಟುಬಿಡಿ ಮೇಡಂ. ಇಷ್ಟು ಜನ ತಾಣಕ್ಕೆ ಯಾವತ್ತೂ ಬಂದಿರ್ಲಿಲ್ಲ. ಎರಡು ದಿನ ಇರಲಿ.”

“ಜಗಳ ಇರ್ಲಿ ಸರ್. ನಂಬರ್ ಇದ್ರೆ ನಾ ಇರೂದಿಲ್ಲ.”

ನರೇಶ ಫೋನಿಟ್ಟುಬಿಟ್ಟರು. ಕೆಲಸ ಹೋಯಿತೆಂದೇ ಎಣಿಸಿದ ಪರಮೇಶ್ವರಿ ಹದಿನೆಂಟನೆಯದನ್ನೂ ಅಳಿಸಿದರು. ಅಳಿಸುವ ಮುನ್ನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಪಕ್ಕದ ಎಸ್‌ಟಿಡಿ ಬೂತಿನಿಂದ ಕರೆ ಮಾಡಿದರು. ಎತ್ತಿದ್ದು ಹುಡುಗಿಯ ತಾಯಿ.

“ಇನ್ನೂ ಎಷ್ಟು ಬೈತೀರಿ?” ಎಂದು ಆಕೆ ಅತ್ತರು.

“ಬೈಯೂಕೆ ಅಲ್ಲ ಅಮ್ಮಾ. ನಮ್ಮ ತಾಣದಲ್ಲಿ ನಿಮ್ಮ ನಂಬರ್ ಇತ್ತು, ತೆಗ್ದೆ. ಮತ್ತೆ ಹಾಕಿದ್ರೂ ತೆಗೀತೆ. ಅಷ್ಟು ಹೇಳೂಕೆ ಮಾಡ್ದೆ.”

ಆಚೆಯಿಂದ ಮೆಲ್ಲಗೆ ಒಂದು ಪ್ರಶ್ನೆ ಬಂತು. “ತಿಂಡಿ ತಿಂದ್ರೇನಮ್ಮಾ ನೀವು?”

“ತಿಂದಿಲ್ಲಾಗಿತ್ತು,” ಎಂದು ಪರಮೇಶ್ವರಿ ಈಗ ನಗುತ್ತಾರೆ. “ಆದ್ರೂ ಆತು ಅಂದೆ.”

ಅಂದು ಸಂಜೆ ತಾಣದಲ್ಲಿ ಹೊಸ ನಿಯಮ ಕಾಣಿಸಿತು: ಯಾರದೇ ಫೋನ್ ನಂಬರು, ವಿಳಾಸ ಹಾಕಿದವರು ಹೊರಕ್ಕೆ. ಬರೆದದ್ದು ನರೇಶರೇ. ಆ ಬಗ್ಗೆ ಅವರು ಇವರೊಡನೆ ಮಾತೆತ್ತಲಿಲ್ಲ. ಹುಡುಗಿಯ ದೂರು ಇನ್ನೂ ತೀರ್ಮಾನವಾಗಿಲ್ಲ. ಅದಾಗುವವರೆಗೆ ಆ ನಾಯಕನ ಚಿತ್ರಕ್ಕೆ ಹೋಗುವುದಿಲ್ಲವೆಂದು ಪರಮೇಶ್ವರಿ ತಮ್ಮಷ್ಟಕ್ಕೇ ನಿರ್ಧರಿಸಿದ್ದಾರೆ. ಆದರೆ ಅವನ ಪರವಾಗಿ ಮರ್ಯಾದೆಯಿಂದ ಬರೆದವರ ಒಂದಕ್ಷರವನ್ನೂ ಅಳಿಸಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದರೆ, ಕೀಲಿಮಣೆಯಿಂದ ಕೈ ತೆಗೆದು ಯೋಚಿಸುತ್ತಾರೆ.

“ಯಾರು ಎಂತ ಬರ್ದಿದ್ರು ಅಂತ ಗೊತ್ತಿಲ್ದೆ ಒಂದ್ ಪಿಚ್ಚರ್ ನೋಡ್ಬೇಕು. ಮೊದ್ಲನೇ ದಿನ, ಮೊದ್ಲನೇ ಆಟ. ಚೊಲೋ ಇದ್ಯೋ ಇಲ್ವೋ, ನಾನೇ ಹೇಳ್ಬೇಕು.”